ಕೋಡಂಗಿ ರಾಯನ ಎಡಗೆನ್ನೆ

ಭಾನುವಾರ ಬೆಳಗ್ಗೆ ಅತ್ತೆ ಗಾಜಿನ ಕಪಾಟಿನಿಂದ ಕೋಡಂಗಿ ರಾಯನನ್ನು ಇಳಿಸಿ ಊಟದ ಮೇಜಿನ ಮೇಲೆ ಕೂರಿಸಿದಾಗ ಸೊಸೆ ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದಳು. ಒಂದು ಲೋಟ ತುಂಬಿ ತಟ್ಟೆಗೆ ಹರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

“ಇವತ್ತು ಇವನನ್ನ ತೋರಿಸ್ಕೊಂಡು ಬರೋಣ,” ಎಂದರು ಅತ್ತೆ.

“ಯಾರಿಗೆ ಅತ್ತೆ?”

“ಹರಾಜು ಹಾಕ್ತಾರಲ್ಲ, ಆ ಹಾಲ್‌ನಲ್ಲಿ ಇವತ್ತು ಒಬ್ಬರು ಕೂತ್ಕೋತಾರಂತೆ. ಹಳೇ ಸಾಮಾನು ತಗೊಂಡು ಹೋದ್ರೆ ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಲ್ಲ ಬಿಡಿಸಿ ಹೇಳ್ತಾರಂತೆ. ಅಕ್ಕನಿಗೂ ಅಲ್ಲಿಗೇ ಬಾ ಅಂದಿದೀನಿ. ಅವಳ ಕಿವಿಗೇ ಬೀಳಲಿ.”

ಕೋಡಂಗಿ ರಾಯ ಎಂದರೆ ಮೊಣಕೈಯಷ್ಟು ಉದ್ದದ ಒಂದು ಜೋಕರ್ ಗೊಂಬೆ. ತಲೆ, ಕೈ, ಪಾದ ಪಿಂಗಾಣಿಯವು. ಮೈ ಬಟ್ಟೆಯದು, ಒಳಗೆ ಮರದ ಹೊಟ್ಟು ತುಂಬಿತ್ತು. ಅರ್ಧ ಕಪ್ಪು, ಅರ್ಧ ಹಳದಿ ಸ್ಯಾಟಿನ್ ಅಂಗಿ, ಕುತ್ತಿಗೆಗೆ ನೆರಿಗೆ ನೆರಿಗೆಯ ಕಾಲರು, ತಲೆಗೆ ಚೂಪು ಟೋಪಿ. ತುಟಿ ನಗುತ್ತಿತ್ತು, ಎಡಗಣ್ಣಿನ ಕೆಳಗೆ ಮಾತ್ರ ನೀಲಿ ಬಣ್ಣದ ಒಂದು ಹನಿ ಕಣ್ಣೀರು. ಮದುವೆಯಾದ ಹೊಸದರಲ್ಲಿ ಮಾವ ಇದನ್ನು ತಂದು, “ಇದು ನಮ್ಮಜ್ಜನ ಕಾಲದ ಗೊಂಬೆ ಕಣೇ, ಊರೂರು ತಿರುಗೋ ಸರ್ಕಸ್ ಕಂಪನಿಯ ಯಜಮಾನನ ಮನೇಲಿತ್ತು,” ಎಂದು ಅತ್ತೆಯ ಕೈಗೆ ಕೊಟ್ಟಿದ್ದರಂತೆ. ಅದನ್ನು ನೋಡಿದ ದಿನವೇ ಅತ್ತೆಯ ಅಕ್ಕ ಮೂಗು ಮುರಿದಿದ್ದರು. ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರುವುದನ್ನು ತಂದು ಹೆಂಡತಿಯ ಕಿವಿಗೆ ಹೂವಿಟ್ಟಿದ್ದಾನೆ ಎಂದಿದ್ದರು. ಆ ಮಾತು ಮನೆಯಲ್ಲಿ ಜೋಕಾಗಿ ಉಳಿದು, ನಾಲ್ಕು ಜನ ಸೇರಿದಾಗಲೆಲ್ಲ ಉಪ್ಪು ಖಾರ ಹಚ್ಚಿಸಿಕೊಂಡು ಬೆಳೆದಿತ್ತು. ಮಾವ ಇರುವಷ್ಟು ದಿನ ಅವರೂ ನಕ್ಕು ಸುಮ್ಮನಾಗುತ್ತಿದ್ದರು. ಅವರು ತೀರಿಕೊಂಡ ಮೇಲೂ ಅಕ್ಕ ಅದೇ ಜೋಕು ಹೇಳಿದಾಗ ಅತ್ತೆಗೆ ನಗು ಬರಲಿಲ್ಲ. ಉತ್ತರ ಕೊಡಲು ಮಾವ ಇರಲಿಲ್ಲವಲ್ಲ.

“ಬೆಲೆ ಎಷ್ಟಾದ್ರೂ ಆಗ್ಲಿ, ನಾನೇನು ಮಾರಲ್ಲ,” ಎಂದರು ಅತ್ತೆ, ಗೊಂಬೆಯ ಟೋಪಿಯ ಧೂಳು ಒರೆಸುತ್ತ. “ಅವರು ಹೇಳಿದ್ದು ನಿಜಾನೋ ಸುಳ್ಳೋ, ಅಷ್ಟು ಗೊತ್ತಾದ್ರೆ ಸಾಕು.”

ಸೊಸೆ ಆಗಷ್ಟೇ ತಟ್ಟೆಗೆ ಹರಿದ ಕಾಫಿ ಕಂಡು ಬಟ್ಟೆ ತಂದು ಒರೆಸತೊಡಗಿದಳು. ಕೋಡಂಗಿ ರಾಯನ ಎಡಗೆನ್ನೆ ಮಾತ್ರ ಮಾವ ತಂದದ್ದಾಗಿರಲಿಲ್ಲ. ಅವಳೇ ಮಾಡಿದ್ದು.

ಹೋದ ವರ್ಷ ಅತ್ತೆ ಕೆಲವು ದಿನದ ಮಟ್ಟಿಗೆ ಅಕ್ಕನ ಮನೆಗೆ ಹೋಗಿದ್ದಾಗ, ಕಪಾಟಿನ ಗಾಜು ತೊಳೆಯೋಣವೆಂದು ಗೊಂಬೆಯನ್ನು ತೆಗೆದು ಮೇಜಿನ ಅಂಚಿಗಿಟ್ಟಿದ್ದಳು. ಫೋನ್ ಹೊಡೆದುಕೊಂಡಿತು, ತಿರುಗಿದಳು, ಮೊಣಕೈ ತಗುಲಿತು. ಗೊಂಬೆ ಮುಖ ಅಡಿಯಾಗಿ ಬಿತ್ತು. ಎತ್ತಿ ನೋಡಿದರೆ ತಲೆ ತಲೆಯ ಜಾಗದಲ್ಲೇ ಇತ್ತು, ಎಡಗಣ್ಣಿನ ಕೆಳಗಿನಿಂದ ದವಡೆಯವರೆಗೆ ಒಂದು ತೂತು. ಚೂರುಗಳು ನೆಲದ ತುಂಬ ಅವಲಕ್ಕಿಯ ಹಾಗೆ ಹರಡಿದ್ದವು, ಜೋಡಿಸಲು ಏನೂ ಉಳಿದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅತ್ತು, ತಪ್ಪೊಪ್ಪಿಕೊಂಡು, ಬೈಸಿಕೊಂಡು ಮುಗಿಸಿಬಿಡುತ್ತಿದ್ದರೇನೋ. ಅವಳ ಕೆಲಸವೇ ಅವಳನ್ನು ಕೆಡಿಸಿತು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಪಿಂಗಾಣಿ ಹಲ್ಲು ಮಾಡುವ ಲ್ಯಾಬಿನಲ್ಲಿ ಅವಳು ಬಹಳ ಕಾಲದಿಂದ ಇದ್ದಳು. ಪುಡಿಯನ್ನು ನೀರಿನಲ್ಲಿ ಕಲಸಿ, ಬ್ರಶ್ಶಿನಿಂದ ಪದರ ಪದರವಾಗಿ ಕಟ್ಟಿ, ಪುಟ್ಟ ಕುಲುಮೆಯಲ್ಲಿ ಸುಟ್ಟು, ಪಕ್ಕದ ಹಲ್ಲಿಗೂ ಗುರುತು ಸಿಗದಂಥ ಹಲ್ಲು ಮಾಡುವುದರಲ್ಲಿ ಅವಳದು ಎತ್ತಿದ ಕೈ. ಹಲ್ಲು ಮಾಡುವವಳಿಗೆ ಒಂದು ಕೆನ್ನೆ ಮಾಡುವುದು ಕಷ್ಟವೇ? ಕಷ್ಟವೇ ಆಯಿತು. ಕೆಲಸ ಮುಗಿದ ಮೇಲೆ ಎಲ್ಲರೂ ಹೋದರೂ ಕುಳಿತು ಮಾಡಿದಳು. ಮೊದಲನೆಯದು ಕುಲುಮೆಯಲ್ಲಿ ಸೀಳಿತು, ಎರಡನೆಯದು ಕುಗ್ಗಿ ತೂತಿನೊಳಗೆ ಬಿದ್ದುಹೋಯಿತು. ಕೊನೆಗೊಂದು ಕೂತಿತು, ಅಂಟು ಹಾಕಿ ಭದ್ರ ಮಾಡಿದಳು. ಹಳೆಯ ಪಿಂಗಾಣಿಯ ಮಾಸಲು ಬಿಳುಪಿಗೆ ಸಿಗರೇಟು ಸೇದುವವರ ಹಲ್ಲಿಗೆ ಬಳಸುವ ಛಾಯೆ ಸರಿಹೋಯಿತು. ನೀಲಿ ಹನಿಯನ್ನು ನೆನಪಿನಿಂದಲೇ ಬರೆದಳು. ಅತ್ತೆ ಬಂದವರು ಗೊಂಬೆಯನ್ನು ನೋಡಿದರು, ಏನೂ ಹೇಳಲಿಲ್ಲ. ಒಳಗೊಳಗೇ ಅವಳಿಗೆ ಒಂದಿಷ್ಟು ಜಂಬವೂ ಆಗಿತ್ತು.

ಕಾಫಿ ಒರೆಸುವ ಬಟ್ಟೆ ಹಿಡಿದುಕೊಂಡೇ ಅವಳು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದಳು. ಒಡೆದ ವಿಷಯ ಅವನೊಬ್ಬನಿಗೆ ಗೊತ್ತಿತ್ತು.

“ಗೊತ್ತಾಗಲ್ಲ ಬಿಡೇ,” ಎಂದ ಅವನು. “ನಾನು ಹುಟ್ಟಿದಾಗಿಂದ ನೋಡಿರೋ ಗೊಂಬೆ. ನನಗೇ ಗುರುತು ಸಿಗಲಿಲ್ಲ.”

“ನನ್ನ ಹೊಸ ಕನ್ನಡಕ ಗುರುತು ಸಿಗೋಕೆ ನಿಮಗೆ ಎಷ್ಟು ದಿನ ಬೇಕಾಯ್ತು ಹೇಳಿ.”

“ಹಾಗಾದ್ರೆ ಹೇಳಿಬಿಡು.”

“ಈಗ ಹೇಗ್ರೀ ಹೇಳೋದು? ಅವರು ಆಗಲೇ ಒಳ್ಳೇ ಸೀರೆ ತೆಗೆದಿಟ್ಟಿದಾರೆ.”

ಆ ಕಡೆಯಿಂದ ಯಾರೋ ಅವನನ್ನು ಕರೆದರು. “ನೋಡು, ಏನಾದ್ರೂ ಮಾಡು,” ಎಂದು ಅವನು ಫೋನಿಟ್ಟ. ಗಂಡಂದಿರ ಸಹಾಯ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ ಎಂದುಕೊಂಡು ಅವಳು ಮುಖ ತೊಳೆದು ಹೊರಗೆ ಬಂದಳು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕುಳಿತು, ಶಾಲಿನಲ್ಲಿ ಸುತ್ತಿದ ಗೊಂಬೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮಾವನ ಮಾತೇ ಆಡುತ್ತಿದ್ದರು. ಸಂಬಳ ಸಾಲದ ಆ ದಿನಗಳಲ್ಲಿ ಗೊಂಬೆ ತಂದದ್ದಕ್ಕೆ ತಾನು ಎರಡು ದಿನ ಮಾತು ಬಿಟ್ಟದ್ದು, ಮೂರನೆಯ ದಿನ ಅವರು ಗೊಂಬೆಯನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿ, “ರಾಯರು ಊಟಕ್ಕೆ ಬಂದಿದಾರೆ, ಬಡಿಸಬೇಕಂತೆ,” ಎಂದದ್ದು. ಸೊಸೆ ಹೂಂಗುಟ್ಟುತ್ತಿದ್ದಳು. ‘ಅತ್ತೆ, ಒಂದು ಮಾತು’ ಎಂಬುದು ನಾಲಿಗೆಯ ತುದಿಯವರೆಗೆ ಬಂದು ಬಂದು ವಾಪಸಾಗುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಹೇಳುತ್ತೇನೆ ಎಂದುಕೊಂಡಳು. ಆ ಸ್ಟಾಪಿನಲ್ಲಿ ಜನ ಹತ್ತಿದರು. ಜನ ಇಳಿದ ಮೇಲೆ ಎಂದುಕೊಂಡಳು. ಜನ ಇಳಿಯುವಷ್ಟರಲ್ಲಿ ಅವರು ಇಳಿಯುವ ಜಾಗವೇ ಬಂತು.

ಹಾಲ್ ಮೊದಲ ಮಹಡಿಯಲ್ಲಿತ್ತು. ಮಂಡಿನೋವಿನ ಅತ್ತೆ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿಯಲೆಂದು ಚೀಲವನ್ನು ಅವಳ ಕೈಗೆ ಕೊಟ್ಟರು. “ಹುಷಾರು,” ಎಂದರು.

ಕಲ್ಲಿನ ಮೆಟ್ಟಿಲುಗಳು. ನಡುವೆ ತಿರುವಿನಲ್ಲಿ ಅವಳು ಕೆಳಗೆ ನೋಡಿದಳು. ಈಗ ಚೀಲ ಕೈತಪ್ಪಿದರೆ? ಕಾಲು ಜಾರಿತು ಎಂದರೆ? ಇಡೀ ತಲೆಯೇ ಪುಡಿಯಾದರೆ ಎಡಗೆನ್ನೆ ಯಾವುದು, ಬಲಗೆನ್ನೆ ಯಾವುದು ಎಂದು ಯಾರು ಕೇಳುತ್ತಾರೆ? ಆ ಯೋಚನೆ ಬಂದದ್ದಕ್ಕೇ ಅವಳ ಅಂಗೈ ಬೆವೆತಿತು. ಬೆವೆತ ಕೈಯಿಂದ ನಿಜವಾಗಿಯೂ ಜಾರೀತೆಂದು ಹೆದರಿ, ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಹತ್ತಿದಳು.

ಮೇಲೆ ಮಡಚುವ ಕುರ್ಚಿಗಳ ಸಾಲಿನಲ್ಲಿ ಗಡಿಯಾರ, ಚಿತ್ರಪಟ, ಹಿತ್ತಾಳೆಯ ದೀಪ ಹಿಡಿದ ಜನ ಕಾಯುತ್ತಿದ್ದರು. ದೊಡ್ಡಮ್ಮ, ಎಂದರೆ ಅತ್ತೆಯ ಅಕ್ಕ, ಆಗಲೇ ಬಂದು ಕುಳಿತಿದ್ದರು.

“ತಂದ್ಯಾ ನಿನ್ನ ಗಂಡನ ಆಸ್ತೀನ?” ಎಂದರು.

“ತಂದೆ. ನೀನು ಕಿವಿ ಚೊಕ್ಕ ಮಾಡ್ಕೊಂಡು ಬಂದಿದೀಯ ತಾನೆ?” ಎಂದರು ಅತ್ತೆ.

ಸರದಿ ಬಂದಾಗ ಮೂವರೂ ಒಳಗೆ ಹೋದರು. ಮೇಜಿನ ಹಿಂದೆ ಕುಳಿತಿದ್ದ ಬೆಲೆ ಕಟ್ಟುವಾಕೆಗೆ ಐವತ್ತರ ಆಸುಪಾಸು. ಕತ್ತರಿಸಿದ ನರೆಗೂದಲು, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿ. ಮೇಜಿನ ಮೇಲೆ ದಪ್ಪನೆಯ ಬಟ್ಟೆ ಹಾಸಿತ್ತು. ಆಕೆ ಗೊಂಬೆಯನ್ನು ಎತ್ತಿಕೊಂಡ ರೀತಿ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಕೆಳಗೆ, ಎಳೆಗೂಸನ್ನು ಎತ್ತಿಕೊಳ್ಳುವ ಹಾಗಿತ್ತು. ಅದನ್ನು ನೋಡಿಯೇ ಸೊಸೆಗೆ ತಿಳಿಯಿತು, ಈಕೆಯ ಕಣ್ಣು ತಪ್ಪಿಸಲು ಆಗುವುದಿಲ್ಲ.

“ಎಲ್ಲಿಂದ ಬಂತು ನಿಮಗೆ?”

ಅತ್ತೆ ಹೇಳಿದರು. ಸರ್ಕಸ್ಸಿನ ಯಜಮಾನ, ಅಜ್ಜನ ಕಾಲ, ಎಲ್ಲ. ದೊಡ್ಡಮ್ಮ ಕೆಮ್ಮಿದರು.

ಆಕೆ ಅಂಗಿಯ ಒಳಹೊಲಿಗೆ ತಿರುಗಿಸಿ ನೋಡಿದಳು. ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಪಾದವನ್ನು ಉಗುರಿನಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿದಳು. ಕಾಲರನ್ನು ಸರಿಸಿ ಕತ್ತಿನ ಹಿಂದೆ ಭೂತಗನ್ನಡಿ ಹಿಡಿದಳು. “ಹೊಲಿಗೆ ಕೈಯದು. ಬಟ್ಟೆ ಹಳೇದು,” ಎಂದಳು. ಅತ್ತೆ ನೆಟ್ಟಗೆ ಕುಳಿತರು. ಸೊಸೆಯ ಜೀವ ಒಂದಿಷ್ಟು ಮರಳಿ ಬಂತು. ಮುಖದ ಮೇಲೆ ಆಕೆ ಅಷ್ಟೇನೂ ಹೊತ್ತು ನಿಲ್ಲಲಿಲ್ಲ. ಆಯಿತು, ಮುಗಿಯಿತು ಎಂದುಕೊಂಡಳು ಸೊಸೆ.

ಆಗ ಆಕೆ ಎದ್ದು ಕಿಟಕಿಯ ಪರದೆ ಎಳೆದಳು.

“ಒಂದು ನಿಮಿಷ ಕತ್ತಲೆ ಮಾಡ್ತೀನಿ. ಹೆದರ್ಕೋಬೇಡಿ,” ಎಂದು ಚೀಲದಿಂದ ಟಾರ್ಚಿನಂಥದ್ದೊಂದನ್ನು ತೆಗೆದಳು.

ಆ ದೀಪ ಸೊಸೆಗೆ ಗೊತ್ತಿತ್ತು. ಲ್ಯಾಬಿನ ಕಪಾಟಿನಲ್ಲಿ ಅಂಥದ್ದೊಂದು ಇತ್ತು. ನೇರಳೆ ಬೆಳಕಿನಲ್ಲಿ ನಿಜವಾದ ಹಲ್ಲು ಬೆಳ್ಳಗೆ ಹೊಳೆಯುತ್ತದೆ. ಕಟ್ಟಿಸಿದ ಹಲ್ಲು ಹೊಳೆಯದಿದ್ದರೆ, ಬಣ್ಣಬಣ್ಣದ ದೀಪದಡಿ ನಕ್ಕವರ ಬಾಯಲ್ಲಿ ಹಲ್ಲು ಬಿದ್ದುಹೋದಂತೆ ಕಪ್ಪು ಸಂದಿ ಕಾಣುತ್ತದೆ. ಹಾಗಾಗದಿರಲೆಂದೇ ಹಲ್ಲಿನ ಪುಡಿಯಲ್ಲಿ ಹೊಳೆಯುವ ಗುಣ ಸೇರಿಸಿರುತ್ತಾರೆ. ಪ್ರತಿ ಹಲ್ಲನ್ನೂ ಆ ದೀಪದಡಿ ಹಿಡಿದು ನೋಡಿಯೇ ಅವಳು ಡಬ್ಬಿಗೆ ಹಾಕುತ್ತಿದ್ದಳು. ಕೆನ್ನೆ ಮಾಡುವಾಗ ಮಾತ್ರ ಇದು ಅವಳ ತಲೆಗೆ ಹೊಳೆದಿರಲಿಲ್ಲ.

ದೀಪ ಹತ್ತಿತು. ಕೋಡಂಗಿ ರಾಯನ ಹಣೆ, ಮೂಗು, ಬಲಗೆನ್ನೆ ಮಬ್ಬು ನೇರಳೆಯಾದವು. ಎಡಗೆನ್ನೆ ಕತ್ತಲಲ್ಲಿ ಬೆಳದಿಂಗಳ ತುಂಡಿನಂತೆ ಬೆಳಗಿತು. ಸುತ್ತ ಅಂಟಿನ ಗೆರೆ ಹಸಿರಾಗಿ ಮಿನುಗಿತು. ತಾನು ಕೂದಲೆಳೆಯಷ್ಟೂ ಕಾಣದಂತೆ ತೀಡಿದ್ದ ಅಂಚೆಲ್ಲ ನಕ್ಷೆ ಬರೆದ ಹಾಗೆ ಎದ್ದು ನಿಂತಿತ್ತು.

ಪರದೆ ಸರಿಯಿತು.

“ಈ ಕೆನ್ನೆ ಗೊಂಬೇದಲ್ಲ ಅಮ್ಮ,” ಎಂದಳು ಆಕೆ. “ಆಮೇಲೆ ಕೂರಿಸಿದ್ದು. ತುಂಬ ಚೆನ್ನಾಗಿ ಕೂರಿಸಿದಾರೆ, ಬರಿಗಣ್ಣಿಗೆ ನಾನೂ ಮೋಸ ಹೋದೆ. ಅಂಟು ಹೊಸಾದು. ನೀವು ರಿಪೇರಿ ಮಾಡ್ಸಿದ್ರಾ?”

“ಇಲ್ಲ,” ಎಂದರು ಅತ್ತೆ. “ನಮ್ಮನೇಲಿ ಇದು ಬಿದ್ದೇ ಇಲ್ಲ.”

“ನೋಡು ಮತ್ತೆ,” ಎಂದರು ದೊಡ್ಡಮ್ಮ. ದನಿಯಲ್ಲಿ ಗೆದ್ದ ಸಂತೋಷಕ್ಕಿಂತ ಮರುಕವೇ ಹೆಚ್ಚಿತ್ತು, ಅದು ಇನ್ನೂ ಕೆಟ್ಟದಾಗಿತ್ತು. “ಒಡೆದು ಹೋಗಿದ್ದನ್ನ ಅಂಟಿಸಿ ಯಾರೋ ಅವನ ತಲೆಗೆ ಕಟ್ಟಿದಾರೆ. ಇಲ್ಲಾ, ಅವನಿಗೆ ಗೊತ್ತಿದ್ದೇ ನಿನಗೆ ಕಟ್ಟಿದಾನೆ. ಈಗ ಅದನ್ನೆಲ್ಲ ಕೆದಕೋದು ಯಾಕೆ ಬಿಡು, ಹೋದವನು ಹೋದ.”

ಅತ್ತೆ ಸೆರಗಿನ ತುದಿಯನ್ನು ಮಡಚುತ್ತ, ಬಿಚ್ಚುತ್ತ, “ಹಾಗಾದ್ರೆ ಅವರು...” ಎಂದು ನಿಲ್ಲಿಸಿದರು.

ಸೊಸೆಗೆ ಆಗ ಎಲ್ಲ ಒಮ್ಮೆಗೇ ಕಂಡಿತು. ಬಾಯಿಗೆ ಬೀಗ ಹಾಕಿಕೊಂಡು ಕುಳಿತರೆ ಅವಳು ಪಾರು. ಯಾರೂ ಅವಳತ್ತ ನೋಡುತ್ತಲೂ ಇರಲಿಲ್ಲ. ತಪ್ಪು ಹೋಗಿ ಮಾವನ ಮೇಲೆ ಕೂರುತ್ತಿತ್ತು, ಎಂದೂ ಏಳುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, “ಅವಳು ದಿನವಿಡೀ ಹಲ್ಲು ಎಣಿಸಿ ಬಂದಿರ್ತಾಳೆ, ಸಾರಿಗೆ ಉಪ್ಪು ನಾನು ಹಾಕ್ತೀನಿ,” ಎಂದು ಅಡುಗೆಮನೆಗೆ ಬಂದು ನಿಲ್ಲುತ್ತಿದ್ದ ಮನುಷ್ಯ.

“ಆ ಕೆನ್ನೆ ನಾನು ಮಾಡಿದ್ದು,” ಎಂದಳು.

ಮಾತು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. “ಅತ್ತೆ, ಹೋದ ವರ್ಷ ನೀವು ದೊಡ್ಡಮ್ಮನ ಮನೆಗೆ ಹೋಗಿದ್ರಲ್ಲ, ಆಗ ನನ್ನ ಕೈಯಿಂದ ಬಿದ್ದು ಒಡೀತು. ಲ್ಯಾಬಲ್ಲಿ ಹಲ್ಲಿನ ಪುಡೀಲಿ ಮಾಡಿ ಕೂರಿಸ್ದೆ. ಮಾವ ತಂದದ್ದು ಪೂರ್ತಿಯಾಗೇ ಇತ್ತು. ಒಡೆಯೋ ಮುಂಚೆ ನಾನೇ ದಿನಾ ನೋಡಿದೀನಿ.”

ಅತ್ತೆ ಅವಳ ಕಡೆ ತಿರುಗಿದರು. ಬೈಯಲಿಲ್ಲ. ಮೊದಲ ಸಲ ನೋಡುವವರನ್ನು ನೋಡುವ ಹಾಗೆ ನೋಡಿದರು.

“ಹಳೇ ಚೂರುಗಳು?” ಎಂದು ಕೇಳಿದರು.

“ಎಸೆದುಬಿಟ್ಟೆ.”

ಬೆಲೆ ಕಟ್ಟುವಾಕೆ ಮನೆಯ ಜಗಳಗಳನ್ನು ಬಹಳ ನೋಡಿದವಳಿರಬೇಕು. ಮಧ್ಯೆ ಬಾಯಿ ಹಾಕದೆ ಗೊಂಬೆಯ ಕಾಲರನ್ನು ಮತ್ತೆ ಸರಿಸಿ, ಕತ್ತಿನ ಹಿಂದಿನ ಸಣ್ಣ ಅಚ್ಚನ್ನು ಅತ್ತೆಗೆ ತೋರಿಸಿದಳು. “ಹಾಗಿದ್ರೆ ಲೆಕ್ಕ ಸರಿಹೋಯ್ತು. ಉಳಿದದ್ದೆಲ್ಲ ಒಂದೇ ಕಾಲದ್ದು, ಅಸಲಿ. ದೊಡ್ಡ ಹೆಸರಿನ ಕಾರ್ಖಾನೆಯದಲ್ಲ, ಯಾವುದೋ ಚಿಕ್ಕ ಕಾರ್ಖಾನೇಲಿ ಮಾಡಿದ್ದು. ಅಜ್ಜನ ಕಾಲದ್ದು ಅಂದ್ರಲ್ಲ, ತಪ್ಪಿಲ್ಲ. ಸರ್ಕಸ್ಸಿನ ಯಜಮಾನನ ಕಥೆ ಮಾತ್ರ ನಾನು ಹೇಳೋಕಾಗಲ್ಲ. ಗೊಂಬೆ ಬಾಯಿ ಬಿಡಬೇಕಷ್ಟೆ.” ಕೆನ್ನೆಯಿಂದಾಗಿ ಬೆಲೆ ಬಹಳ ಇಳಿದಿದೆ, ಇನ್ನು ಮೇಲೆ ಅದನ್ನು ಯಾರೂ ಮುಟ್ಟದಿದ್ದರೆ ಒಳ್ಳೆಯದು ಎಂದೂ ಹೇಳಿದಳು. ಎಷ್ಟು ಇಳಿದಿದೆ ಎಂದು ಅತ್ತೆ ಕೇಳಲಿಲ್ಲ.

ದೊಡ್ಡಮ್ಮ ಮೆಟ್ಟಿಲಿಳಿಯುವಾಗ ತಂಗಿಯ ಕೈ ಹಿಡಿದುಕೊಂಡರು. “ಆಯ್ತಲ್ಲ, ಅಸಲಿ ಅಂತ ಗೊತ್ತಾಯ್ತಲ್ಲ,” ಎಂದಷ್ಟೇ ಗೊಣಗಿದರು. ಅವರ ಮಟ್ಟಿಗೆ ಅದು ಕ್ಷಮೆ ಕೇಳಿದ ಹಾಗೆ.

ಬಸ್ಸಿನಲ್ಲಿ ಪಕ್ಕ ಪಕ್ಕ ಎರಡು ಸೀಟು ಖಾಲಿ ಇದ್ದರೂ ಅತ್ತೆ ಮುಂದೆ ಹೋಗಿ ಯಾರೋ ಅಪರಿಚಿತೆಯ ಬಳಿ ಕುಳಿತರು. ಚೀಲವನ್ನು ಅವಳ ಕೈಗೆ ಕೊಡಲಿಲ್ಲ. ಮನೆಗೆ ಬಂದ ಮೇಲೂ ಮಾತಿಲ್ಲ. ಆಡಿದ ಒಂದೆರಡು ಮಾತು ಗೋಡೆಗೆ: “ಅನ್ನ ಆಗಿದೆ, ಬೇಕಾದವರು ಬಡಿಸ್ಕೋಬಹುದು.” “ಹಾಲು ಉಕ್ಕುತ್ತೆ, ನೋಡೋರು ನೋಡಬಹುದು.” ಊರಿಂದ ಬಂದ ಗಂಡ ಎರಡು ಕಡೆಗೂ ರಾಯಭಾರಿಯಾಗಲು ಹೋಗಿ, “ನಿನಗೂ ಗೊತ್ತಿತ್ತಲ್ಲ?” ಎಂಬ ಅಮ್ಮನ ಒಂದೇ ಪ್ರಶ್ನೆಗೆ ತಲೆ ತಗ್ಗಿಸಿ ಕೋಣೆ ಸೇರಿದ.

ಸೊಸೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಕೈ ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ. ಯಾರದೋ ಮುಂದಿನ ಹಲ್ಲನ್ನು ಎರಡು ಸಲ ಕೆಡಿಸಿದಳು. ಸಂಜೆ ಮನೆಯ ಬಾಗಿಲಿಗೆ ಬಂದು ಬೀಗದಕೈ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದಳು. ಒಳಗೆ ಅತ್ತೆ ತಮ್ಮ ಬಟ್ಟೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಟುಬಿಟ್ಟಿದ್ದರೆ ಎಂಬ ಭಯ. ಬೈದುಬಿಟ್ಟರೆ ಸಾಕು ಎಂದು ಅವಳಿಗೆ ಅನಿಸುತ್ತಿತ್ತು.

ಆ ವಾರ ಕಳೆಯುವ ಮುಂಚೆ ಒಂದು ಸಂಜೆ ಅವಳು ಬರುವಷ್ಟರಲ್ಲಿ ಗೊಂಬೆ ಮತ್ತೆ ಊಟದ ಮೇಜಿನ ಮೇಲಿತ್ತು. ಅತ್ತೆ ಎದುರು ಕುಳಿತಿದ್ದರು.

“ಕೂತ್ಕೋ,” ಎಂದರು.

ಅವಳು ಹೆಗಲ ಚೀಲ ಇಳಿಸದೆ ಕುಳಿತಳು.

“ನನ್ನ ಸಿಟ್ಟು ಒಡೆದಿದ್ದಕ್ಕೆ ಅಲ್ಲ,” ಎಂದರು ಅತ್ತೆ. “ಸಾಮಾನು ಅಂದ್ಮೇಲೆ ಒಡೆಯುತ್ತೆ. ಈ ಹನಿ ನೋಡು. ಇದು ಮೊದಲು ಇಲ್ಲಿರಲಿಲ್ಲ. ಕಣ್ಣಿಂದ ಇಳಿದು ಕೆನ್ನೆ ಉಬ್ಬಿನ ಮೇಲೆ ನಿಂತಿತ್ತು. ಒಂದು ವರ್ಷದಿಂದ ದಿನಾ ನೋಡ್ತಿದೀನಿ, ದಿನಾ ಏನೋ ಬೇರೆ ಅನ್ಸುತ್ತೆ. ಯಾರಿಗೆ ಹೇಳ್ಲಿ? ನನ್ನ ಕಣ್ಣೇ ಹೋಗಿದೆ ಅಂದ್ಕೊಂಡು ಡಾಕ್ಟರ್ ಹತ್ರ ಹೋದೆ. ಕಣ್ಣು ಚೆನ್ನಾಗಿದೆ ಅಂದ್ರು. ಹಾಗಾದ್ರೆ ತಲೆ ಹೋಗಿದೆ ಅಂದ್ಕೊಂಡೆ. ನಮ್ಮಮ್ಮನಿಗೆ ಕೊನೇಲಿ ಹೀಗೇ ಶುರುವಾಗಿದ್ದು. ಮೊದಲು ಸಾಮಾನು ಮರೆತಳು, ಆಮೇಲೆ ನಮ್ಮನ್ನ ಮರೆತಳು. ಇವತ್ತು ಕೋಡಂಗಿ ರಾಯನ ಮುಖ ಮರೆತೆ, ನಾಳೆ ನಿಮ್ಮ ಮಾವನ ಮುಖ ಮರೀತೀನಿ ಅಂತ ಎಷ್ಟು ರಾತ್ರಿ ನಿದ್ದೆ ಮಾಡಿಲ್ಲ ಗೊತ್ತಾ? ನೀನು ಪಕ್ಕದ ಕೋಣೇಲೇ ಮಲಗಿದ್ದೆ.”

ಇಂಥದ್ದೊಂದು ಆಗಿರಬಹುದೆಂದು ಅವಳಿಗೆ ಕನಸಿನಲ್ಲೂ ಅನಿಸಿರಲಿಲ್ಲ. ತನ್ನ ಭಯ ಒಂದನ್ನೇ ಅವಳು ವರ್ಷವಿಡೀ ಸಾಕಿಕೊಂಡಿದ್ದಳು. ಅದೇ ಗೋಡೆಯ ಆಚೆ ಅದಕ್ಕಿಂತ ದೊಡ್ಡದೊಂದು ಬೆಳೆಯುತ್ತಿತ್ತು. ಹೇಳಲು ಬಾಯಿ ತೆರೆದಳು, ಅಳು ಬಂತು.

“ಅಳಬೇಡ. ಅತ್ರೆ ನನಗೆ ಬೈಯೋಕಾಗಲ್ಲ,” ಎಂದರು ಅತ್ತೆ. ಆಮೇಲೆ ಬೈದರು. ಸಾವಕಾಶವಾಗಿ, ಮದುವೆಯಾದ ದಿನದಿಂದ ಬಾಕಿ ಇದ್ದದ್ದನ್ನೂ ಸೇರಿಸಿ, ಸಾಂಬಾರಿನ ಪಾತ್ರೆ ತಳ ಹಿಡಿಸಿದ್ದನ್ನೂ ಬಿಡದೆ ಬೈದರು. ಸೊಸೆ ಎಲ್ಲವನ್ನೂ ಕೇಳಿಸಿಕೊಂಡಳು. ನಡುವೆ ಎಲ್ಲೋ ಹೆಗಲ ಚೀಲ ಇಳಿಸಿ ಪಕ್ಕಕ್ಕಿಟ್ಟಳು.

ಬೈದು ಮುಗಿದ ಮೇಲೆ ಅತ್ತೆ ನೀರು ಕುಡಿದರು. “ಈಗ ಆ ಹನೀನ ಅದರ ಜಾಗಕ್ಕೆ ಹಾಕು,” ಎಂದರು.

“ಇನ್ನು ಯಾರೂ ಮುಟ್ಟಬಾರದು, ಬೆಲೆ ಇನ್ನೂ ಹೋಗುತ್ತೆ ಅಂತ ಅವರು ಹೇಳಿದ್ರಲ್ಲ ಅತ್ತೆ.”

“ಅವರ ಗೊಂಬೆ ಅಲ್ಲ ಇದು.”

ಅವಳು ಚೀಲದಿಂದ ಕೆಲಸದ ಪೆಟ್ಟಿಗೆ ತೆಗೆದಳು. ಮೊನಚು ಅಲಗಿನಿಂದ ಹಳೆಯ ಹನಿಯನ್ನು ಕೆರೆದು, ಒರೆಸಿ, ಎಲ್ಲಕ್ಕಿಂತ ಸಣ್ಣ ಬ್ರಶ್ಶನ್ನು ನೀಲಿ ಬಣ್ಣದಲ್ಲಿ ಅದ್ದಿದಳು. ಅತ್ತೆ ಕುರ್ಚಿ ಎಳೆದುಕೊಂಡು ಅವಳ ಭುಜಕ್ಕೆ ಭುಜ ತಾಗುವಂತೆ ಕುಳಿತರು.

“ಇನ್ನೂ ಕೆಳಗೆ. ಸ್ವಲ್ಪ ಆ ಕಡೆ. ಹೂಂ, ಅಲ್ಲಿ. ಅಷ್ಟು ದಪ್ಪ ಇರಲಿಲ್ಲ.”

ಅಳಿಸಿ ಇನ್ನೊಮ್ಮೆ ಹಾಕಿದಳು. ಅದು ಓರೆಯಾಯಿತು. ಅತ್ತೆ ಅವಳ ಮಣಿಕಟ್ಟನ್ನು ಹಿಡಿದು ಮೇಜಿಗೆ ಆನಿಸಿದರು, ಬಿಡಲಿಲ್ಲ. ಮೂರನೆಯ ಸಲ ಹಾಕಿದ ಹನಿಯನ್ನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

“ಇದೇ,” ಎಂದರು. “ಒಣಗೋವರೆಗೆ ಇಲ್ಲೇ ಇರಲಿ. ನೀನು ಹೋಗಿ ಮುಖ ತೊಳ್ಕೋ, ಊಟ ಮಾಡೋಣ.”